ಕೊಳದ ಮೀನೂ ಸಾಕಿದವನ ಋಣವೂ

ಮನುಷ್ಯನು ತನ್ನ ಮನೆಯಂಗಳಕ್ಕೆ ತಂದುಕೊಂಡ ಜೀವಿಗಳಲ್ಲಿ ಮೂರು ಬಗೆಯುಂಟು. ಎತ್ತು, ಎಮ್ಮೆ, ಕುರಿಗಳಂತೆ ದುಡಿದೋ ಹಾಲುಕೊಟ್ಟೋ ಉಪಕಾರಮಾಡತಕ್ಕವು ಒಂದು ಬಗೆ. ನಾಯಿ ಬೆಕ್ಕುಗಳಂತೆ ಮನುಷ್ಯನ ಒಡನಾಟವನ್ನು ತಾವಾಗಿಯೇ ಅರಸಿ ಬರುವುವು ಎರಡನೆಯ ಬಗೆ. ದುಡಿಮೆಯನ್ನೂ ಮಾಡದೆ, ಒಡನಾಟವನ್ನೂ ಬೇಡದೆ, ನೋಡುವ ಕಣ್ಣಿಗೆ ಚೆಲುವಾಗಿರುವುದೆಂಬ ಒಂದೇ ಕಾರಣದಿಂದ ಸೆರೆಯಾಗಿರುವುವು ಮೂರನೆಯ ಬಗೆ. ಮೊದಲ ಎರಡು ಬಗೆಯ ಜೀವಿಗಳಿಗೆ ಮನುಷ್ಯನು ಋಣಿಯೆಂಬುದರಲ್ಲಿ ವಿವಾದವಿಲ್ಲ. ಕಾರಹುಣ್ಣಿಮೆಯ ದಿನ ಎತ್ತಿನ ಕೊಂಬಿಗೆ ಬಣ್ಣವನ್ನು ಬಳಿದು ಮೈತೊಳೆದು ಹೋಳಿಗೆ ತಿನ್ನಿಸುವ ಒಕ್ಕಲಿಗನು ಆ ಋಣವನ್ನು ಯಾವ ಶಾಸ್ತ್ರಗ್ರಂಥದಿಂದಲೂ ಕಲಿತವನಲ್ಲ. ಆದರೆ ಮೂರನೆಯ ಬಗೆಯ ಜೀವಿಗೆ ಸಲ್ಲತಕ್ಕುದೇನು? ಚೆಲುವಿಗಾಗಿ ಸಾಕಿದ ಮೀನು ರೋಗದಿಂದ ಸತ್ತರೆ ಅದು ಒಡೆದ ಹೂದಾನಿಯಂತೆ ಒಡೆಯನ ನಷ್ಟಮಾತ್ರವೋ, ಅಥವಾ ಅಲ್ಲಿ ಧರ್ಮದ ಪ್ರಶ್ನೆಯೊಂದು ಅಡಗಿದೆಯೋ? ಅಂಥ ಮೀನಿನ ರೋಗವನ್ನು ಅರಿಯುವುದಕ್ಕಾಗಿ ಹಣವನ್ನೂ ಶ್ರಮವನ್ನೂ ವ್ಯಯಿಸುವುದು ವಿವೇಕವೋ, ವಿಲಾಸದ ಮೇಲೊಂದು ವಿಲಾಸವೋ? ಮೇಲುನೋಟಕ್ಕೆ ಅಲ್ಪವಾಗಿ ಕಾಣುವ ಈ ಪ್ರಶ್ನೆ ವಿಚಾರಮಾಡಿದಂತೆಲ್ಲ ಆಳವಾಗುತ್ತ ಹೋಗುವುದು.

ಪ್ರಶ್ನೆಗೆ ಒಂದು ನೆಲೆ ಬೇಕು. ಚಿತ್ರದುರ್ಗದಿಂದ ದಾವಣಗೆರೆಯ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿರುವ ಭರಮಸಾಗರವು, ದುರ್ಗದ ಪಾಳೆಯಗಾರ ಬಿಚ್ಚುಗತ್ತಿ ಭರಮಣ್ಣ ನಾಯಕನ (1689–1721) ಹೆಸರನ್ನು ಹೊತ್ತ ಊರು. ಊರಿನ ಹಿರಿಮೆ ಅಲ್ಲಿಯ ದೊಡ್ಡ ಕೆರೆ. ಮಳೆ ವಿರಳವಾದ ಈ ಬಯಲುಸೀಮೆಯಲ್ಲಿ ಅಂಥ ಕೆರೆ ತುಂಬುವುದೆಂದರೆ ಒಂದು ತಲೆಮಾರಿನ ನೆನಪಿನಲ್ಲಿ ಉಳಿಯುವ ಸಂಗತಿ. ಸಿರಿಗೆರೆಯ ತರಳಬಾಳು ಮಠದ ಪ್ರಯತ್ನವೂ ಸರಕಾರದ ಏತ ನೀರಾವರಿಯ ಏರ್ಪಾಡೂ ಕೂಡಿ, 2021ರಲ್ಲಿ ತುಂಗಭದ್ರೆಯ ನೀರು ಕೊಳವೆಗಳ ಮೂಲಕ ಈ ಕೆರೆಗೆ ಹರಿದುಬಂದಾಗ ಸುತ್ತಣ ಹಳ್ಳಿಗಳ ಜನ ಏರಿಯ ಮೇಲೆ ನೆರೆದು ನೋಡಿದರು. ಕೆರೆಯಲ್ಲಿ ನೀರು ನಿಂತರೆ ಸುತ್ತಲ ಬಾವಿಗಳಲ್ಲಿ ಸೆಲೆಯೇರುವುದು, ತೋಟಗಳು ಉಸಿರಾಡುವುವು. ಅದರೊಡನೆ ಮೀನೂ ಬರುವುದು. ಜಿಲ್ಲೆಯ ಕೆರೆಗಳಲ್ಲಿ ನೀರು ನಿಂತ ವರ್ಷ ಕಾಟ್ಲ, ರೋಹು, ಮೃಗಾಲ, ಸಾಮಾನ್ಯ ಗೆಂಡೆಗಳ ಮರಿಗಳನ್ನು ಬಿತ್ತಿ, ಗುತ್ತಿಗೆ ಹಿಡಿದ ಮೀನುಗಾರರು ಆ ಬೆಳೆಯಿಂದ ಸಂಸಾರವನ್ನು ಸಾಗಿಸುವರು.

ಇಂಥ ಊರಿನಲ್ಲಿ ಒಬ್ಬ ಗೃಹಸ್ಥನಿರುವನೆಂದು ಭಾವಿಸಿಕೊಳ್ಳಬಹುದು. ಅವನ ಮನೆಯ ಮುಂದೆ ಸಿಮೆಂಟಿನ ಒಂದು ಚಿಕ್ಕ ಕೊಳ. ಅದರಲ್ಲಿ ಕೆಂಪು, ಬಿಳುಪು, ಕಪ್ಪು, ಹೊಂಬಣ್ಣಗಳ ಹನ್ನೆರಡು ಕೊಯ್ ಮೀನುಗಳು. ಮಕ್ಕಳ ಹೆಜ್ಜೆಯ ಸಪ್ಪಳಕ್ಕೆ ಅವು ಅಂಚಿಗೆ ಬಂದು ಬಾಯಿ ತೆರೆಯುವುವು. ಚಳಿಗಾಲದ ಮೊದಲಲ್ಲಿ ಅವನು ಪೇಟೆಯಿಂದ ಇನ್ನೆರಡು ಮೀನುಗಳನ್ನು ತಂದು ಬಿಟ್ಟನು. ಮೂರನೆಯ ವಾರಕ್ಕೆ ಮೀನುಗಳು ಮೇವನ್ನು ಬಿಟ್ಟವು. ಕಣ್ಣು ಗುಳಿಬಿದ್ದು, ಕಿವಿರು ಬೆಳ್ಳಗೆ ಕೊಳೆತು, ಮೈಮೇಲಿನ ಲೋಳೆ ಸುಲಿದು, ಒಂದೊಂದಾಗಿ ಮಗ್ಗುಲಾದವು. ಹದಿನಾಲ್ಕರಲ್ಲಿ ಮೂರು ಉಳಿದುವು. ಅದು ಯಾವ ರೋಗವೆಂದು ಅವನಿಗೆ ತಿಳಿಯದು. ತಿಳಿದವರನ್ನು ಅವನು ಕೇಳಲೂ ಇಲ್ಲ. ಮಕ್ಕಳು ಅತ್ತರು. ಒಂದು ಸಂಜೆ ಅವನು ಉಳಿದ ಮೂರನ್ನು ಕೊಡದಲ್ಲಿ ತುಂಬಿಕೊಂಡು ಕೆರೆಯ ಏರಿಗೆ ನಡೆದು, “ಇಲ್ಲಿಯಾದರೂ ಬದುಕಿಕೊಳ್ಳಿ” ಎಂದು ನೀರಿಗೆ ಬಿಡಲು ಬಗ್ಗುವನು. ಇದು ಪುಣ್ಯದ ಕೆಲಸವೇ? ಕನಿಕರವುಳ್ಳ ಯಾವ ಹೃದಯವೂ ಮೊದಲಿಗೆ ಹೌದೆಂದೇ ಹೇಳೀತು. ಆದರೆ ತೀರ್ಪು ಹೇಳುವುದಕ್ಕೆ ಮುಂಚೆ, ಆ ಕೊಡದಲ್ಲಿರುವುದೇನೆಂಬುದನ್ನು ತಿಳಿಯಬೇಕಷ್ಟೆ.

ಕೊಯ್ ಎಂಬುದು ಬೇರೊಂದು ಜಾತಿಯ ಮೀನಲ್ಲ. ಕೆರೆಗಳಲ್ಲಿ ಬಿತ್ತುವ ಸಾಮಾನ್ಯ ಗೆಂಡೆಯೇ ಅದು. ಜಪಾನಿನ ನಿಇಗಾಟ ಸೀಮೆಯ ಗುಡ್ಡಗಾಡಿನ ರೈತರು ಗದ್ದೆಯ ಅಂಚಿನ ಹೊಂಡಗಳಲ್ಲಿ ಆಹಾರಕ್ಕೆಂದು ಸಾಕುತ್ತಿದ್ದ ಗೆಂಡೆಗಳಲ್ಲಿ ಅಪರೂಪಕ್ಕೆ ಬಣ್ಣದ ಮರಿಗಳು ಹುಟ್ಟುತ್ತಿದ್ದುವು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರು ಅವನ್ನು ಆರಿಸಿ ಆರಿಸಿ ತಳಿಮಾಡಿದರು. 1914ರ ಟೋಕಿಯೊ ಪ್ರದರ್ಶನದಲ್ಲಿ ಅವು ನಗರದ ಕಣ್ಣಿಗೆ ಬಿದ್ದುವು. ಆಮೇಲೆ ಲೋಕವೆಲ್ಲ ಹರಡಿದುವು. ಅತ್ತ ಬಣ್ಣವಿಲ್ಲದ ಸಾಮಾನ್ಯ ಗೆಂಡೆಯೂ ಭಾರತದ ಮೂಲನಿವಾಸಿಯಲ್ಲ. 1939ರಲ್ಲಿ ಸಿಂಹಳದಿಂದ ನೀಲಗಿರಿಗೂ, 1957ರಲ್ಲಿ ಬ್ಯಾಂಕಾಕಿನಿಂದ ಬಯಲಿನ ಕೆರೆಗಳಿಗೂ ಬಂದ ಎರಡು ತಳಿಗಳ ಸಂತಾನವದು. ಹೀಗೆ ಅಂಗಳದ ಚೆಲುವೆಯೂ ಕೆರೆಯ ದುಡಿಮೆಗಾರ್ತಿಯೂ ಒಂದೇ ಕುಲದ ಅಕ್ಕತಂಗಿಯರು. ಮನುಷ್ಯರು ಅವುಗಳಿಗೆ ಬೇರೆ ಬೇರೆ ಬೆಲೆ ಕಟ್ಟಿರಬಹುದು. ರೋಗವು ಆ ಭೇದವನ್ನು ಬಲ್ಲುದಲ್ಲ.

1998ರಲ್ಲಿ ಇಸ್ರೇಲಿನ ಗೆಂಡೆಯ ಕೊಳಗಳಲ್ಲಿಯೂ ಅಮೆರಿಕದ ಕೊಯ್ ಕೊಳಗಳಲ್ಲಿಯೂ ಅಲ್ಲಿಯವರೆಗೆ ಹೆಸರಿಲ್ಲದ ಒಂದು ಮಾರಿ ಕಾಣಿಸಿಕೊಂಡಿತು. ಅದಕ್ಕೆ ಕಾರಣವಾದ ವೈರಾಣುವನ್ನು 2000ನೆಯ ಇಸವಿಯಲ್ಲಿ ವಿದ್ವಾಂಸರು ಗುರುತಿಸಿ ವಿವರಿಸಿದರು. ಅದಕ್ಕೆ ಕೊಯ್ ಹರ್ಪೀಸ್ ವೈರಾಣುವೆಂದು ಹೆಸರಾಯಿತು. ವೈರಾಣುವೆಂದರೆ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಕಿರಿದಾದ, ಜೀವಕೋಶದೊಳಗೆ ಹೊಕ್ಕಲ್ಲದೆ ಬೆಳೆಯಲಾರದ ರೋಗಬೀಜ. ಈ ವೈರಾಣು ನೀರು ಸುಮಾರು 18ರಿಂದ 28 ಡಿಗ್ರಿ ಉಷ್ಣತೆಯಲ್ಲಿರುವಾಗ ಪ್ರಬಲವಾಗುವುದು. ತಗಲಿದ ಕೊಳದಲ್ಲಿ ನೂರಕ್ಕೆ ಎಂಬತ್ತು ತೊಂಬತ್ತು ಮೀನುಗಳನ್ನು ಕೊಲ್ಲಬಲ್ಲುದು. ಮನುಷ್ಯರಿಗೆ ಇದು ಅಂಟುವುದಿಲ್ಲ. ಬದುಕುಳಿದ ಮೀನು ಪೂರ್ಣ ಗುಣಹೊಂದಿದಂತೆ ಕಂಡರೂ ವೈರಾಣು ಅದರ ದೇಹದಲ್ಲಿ ಸುಪ್ತವಾಗಿ ಅಡಗಿದ್ದು, ಬಳಲಿಕೆಯ ಕಾಲದಲ್ಲಿ ಮತ್ತೆ ಎಚ್ಚತ್ತು, ನೆರೆಯ ಮೀನಿಗೆ ದಾಟಬಹುದು. ಈ ಒಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು; ಮುಂದಿನ ವಿಚಾರವೆಲ್ಲ ಇದರ ಸುತ್ತಲೇ ತಿರುಗತಕ್ಕದ್ದು.

ಈ ವೈರಾಣು ಊರಿಂದೂರಿಗೆ ನಡೆದ ದಾರಿಯೇ ಒಂದು ಪಾಠ. 2002ರಲ್ಲಿ ಅದು ಹೊರದೇಶದ ಕೊಯ್ ಮೀನುಗಳೊಡನೆ ಜಾವಾ ದ್ವೀಪವನ್ನು ಹೊಕ್ಕಿತು. ಕೆಲವೇ ತಿಂಗಳುಗಳಲ್ಲಿ ಪಶ್ಚಿಮ ಜಾವಾದ ಸಿರಾಟ ಜಲಾಶಯದಲ್ಲಿ ಪಂಜರಗಳನ್ನು ತೇಲಿಬಿಟ್ಟು ಗೆಂಡೆ ಬೆಳೆಯುತ್ತಿದ್ದ ಬಡ ಸಂಸಾರಗಳ ಬೆಳೆ ಸತ್ತು ತೇಲಿತು. 2003ರಲ್ಲಿ ಜಪಾನಿನ ಕಸುಮಿಗೌರ ಸರೋವರದಲ್ಲಿ ಸಾವಿರ ಟನ್ನಿಗೂ ಮೇಲ್ಪಟ್ಟು ಸಾಕಿದ ಗೆಂಡೆಗಳು ನಾಶವಾದುವು. ಮರುವರ್ಷ ಬಿವಾ ಸರೋವರದಲ್ಲಿ ಯಾರೂ ಸಾಕದ ಕಾಡುಗೆಂಡೆಗಳು ಲಕ್ಷಕ್ಕೂ ಮಿಕ್ಕಿ ಸತ್ತುವು. ಇದಲ್ಲದೆ ಇನ್ನೊಂದು ವೈರಾಣುವುಂಟು. 1970ರ ದಶಕದಲ್ಲಿಯೇ ಜಪಾನಿನಲ್ಲಿ ಕಂಡುಬಂದ ಅದು ಮೀನಿನ ಕಿವಿರನ್ನು ಊದಿಸಿ, ಮೀನು ತಳದಲ್ಲಿ ಮಗ್ಗುಲಾಗಿ ನಿದ್ರಿಸುವಂತೆ ಮಾಡುವುದರಿಂದ ಅದಕ್ಕೆ ಕೊಯ್ ನಿದ್ರಾರೋಗವೆಂಬ ಹೆಸರು ಬಂದಿದೆ. ಈ ಎರಡನೆಯದು ಭಾರತದಲ್ಲಿ ಸಾಕಿದ ಕೊಯ್ ಮೀನುಗಳಲ್ಲಿ ತಲೆದೋರಿರುವುದನ್ನು ರಾಷ್ಟ್ರೀಯ ಮತ್ಸ್ಯ ತಳಿ ಸಂಪನ್ಮೂಲ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಪ್ರಕಟಪಡಿಸಿದರು. ಲಖನೌ ನಗರದಲ್ಲಿರುವ ಆ ಸಂಸ್ಥೆಯ ಮುಂದಾಳ್ತನದಲ್ಲಿ 2013ರಿಂದ ಜಲಚರಗಳ ರೋಗಗಳ ರಾಷ್ಟ್ರೀಯ ಸಮೀಕ್ಷೆಯೊಂದು ನಡೆಯುತ್ತ ಬಂದಿದೆ. ಕೊಯ್ ಹರ್ಪೀಸನ್ನು ಹೊರಗಿನಿಂದ ನುಸುಳಿ ಬರಬಹುದಾದ ಶತ್ರುವೆಂದು ಅದು ಎಣಿಸುತ್ತ ಬಂದಿದೆ.

ಈಗ ಏರಿಯ ಮೇಲೆ ಬಗ್ಗಿ ನಿಂತ ಗೃಹಸ್ಥನ ಕಡೆಗೆ ತಿರುಗಬಹುದು. ಅವನ ಕೊಡದಲ್ಲಿರುವುದು ಮೂರು ಮೀನುಗಳಷ್ಟೇ ಅಲ್ಲ. ಆ ಮೀನುಗಳ ಮೈಯೊಳಗೆ ಹನ್ನೊಂದು ಮೀನುಗಳನ್ನು ಕೊಂದ ರೋಗಬೀಜವೂ ಇರಬಹುದು. ಅವನು ಅದನ್ನು ನೀರಿಗೆ ಬಿಟ್ಟರೆ ಕೆರೆಯ ಗೆಂಡೆಗಳು ಅದಕ್ಕೆ ತುತ್ತಾಗಬಹುದು. ಕೋಡಿಬಿದ್ದ ದಿನ ಅದು ಮುಂದಿನ ಕೆರೆಗೆ ಹರಿಯಬಹುದು. ಅವನ ಉದ್ದೇಶ ದಯೆ. ಫಲ ಇನ್ನೊಬ್ಬರ ಅನ್ನದ ನಾಶ. “ಅರಿಯದೆ ಮಾಡಿದುದಕ್ಕೆ ಪಾಪವಿಲ್ಲ” ಎಂಬ ಮಾತು ಲೋಕದಲ್ಲಿ ರೂಢಿಯಾಗಿದೆ. ಆ ಮಾತಿನಲ್ಲಿ ಸತ್ಯವುಂಟು, ಆದರೆ ಅರ್ಧ ಸತ್ಯ. ಅರಿಯಲು ದಾರಿಯೇ ಇಲ್ಲದವನ ಅಜ್ಞಾನ ಒಂದು. ಅರಿಯಬಹುದಾಗಿದ್ದು, ಅರಿಯುವ ಶ್ರಮಕ್ಕೆ ಬೇಸತ್ತವನ ಅಜ್ಞಾನ ಇನ್ನೊಂದು. ಮೊದಲನೆಯದನ್ನು ಕ್ಷಮಿಸಬೇಕು, ಎರಡನೆಯದು ದಯೆಯ ವೇಷವನ್ನು ಧರಿಸಿದ ಆಲಸ್ಯ. ದಯೆಯನ್ನು ಧರ್ಮದ ತಳಹದಿಯಾಗಿ ಎಣಿಸಿದ ಶರಣರ ನಾಡಿನಲ್ಲಿ ಈ ಭೇದವನ್ನು ಗುರುತಿಸುವುದು ಅತ್ಯವಶ್ಯ. ದಯೆ ಕಣ್ಣೀರಿನಲ್ಲಿ ಹುಟ್ಟಬಹುದು. ಆದರೆ ಅರಿವಿಲ್ಲದೆ ಅದು ಗುರಿಯನ್ನು ಮುಟ್ಟಲಾರದು.

ಇಲ್ಲಿ ಒಂದು ಪೂರ್ವಪಕ್ಷವೇಳುವುದು ಸಹಜ. “ಮನುಷ್ಯರ ರೋಗಗಳಿಗೇ ಔಷಧ ಸಾಲದ ದೇಶದಲ್ಲಿ, ಹಣವಂತರ ಅಂಗಳದ ಬಣ್ಣದ ಮೀನಿಗಾಗಿ ಸಂಶೋಧನೆಯೇ? ದನಗಳ ದೊಡ್ಡರೋಗವನ್ನು ನಿರ್ಮೂಲಮಾಡಲು ಶಾಸ್ತ್ರಜ್ಞರು ತಲೆಮಾರುಗಳ ಕಾಲ ದುಡಿದರು, 2011ರಲ್ಲಿ ಲೋಕವೇ ಅದರಿಂದ ಮುಕ್ತವಾಯಿತು, ಸರಿ. ದನವು ದೇಶದ ಬೆನ್ನೆಲುಬು. ಕೊಯ್ ಮೀನು ಯಾರ ಬೆನ್ನೆಲುಬು?” ಎಂದು ಆಕ್ಷೇಪಿಸುವವರ ಮಾತನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆ ಮೊದಲ ಉತ್ತರ, ಜಾವಾದ ಪಂಜರಗಳಲ್ಲಿ ಈಗಾಗಲೇ ದೊರೆತಿದೆ: ಅಲಂಕಾರದ ಮೀನಿನ ರೋಗವೇ ಅನ್ನದ ಮೀನಿನ ರೋಗ. ಎರಡನೆಯ ಉತ್ತರ, ಯಾವ ಅರಿವು ಎಲ್ಲಿ ಫಲಿಸುವುದೆಂದು ಮುಂಗಂಡು ಹೇಳಬಲ್ಲವರಿಲ್ಲ. ಇಂದು ವೈರಾಣುವಿಜ್ಞಾನವೆಂದು ಪ್ರಸಿದ್ಧವಾಗಿರುವ ಶಾಸ್ತ್ರವು ಹುಟ್ಟಿದ್ದು ಮನುಷ್ಯನ ರೋಗಶಯ್ಯೆಯ ಬಳಿಯಲ್ಲಲ್ಲ, ಹೊಗೆಸೊಪ್ಪಿನ ಹೊಲದಲ್ಲಿ. ಎಲೆಯಲ್ಲಿ ಚುಕ್ಕೆ ಮೂಡಿಸುವ ರೋಗವೊಂದರ ರಸವು ಅತಿಸೂಕ್ಷ್ಮವಾದ ಶೋಧಕವನ್ನು ದಾಟಿದ ಮೇಲೂ ರೋಗವನ್ನು ಹರಡುವುದೆಂದು 1892ರಲ್ಲಿ ರಷ್ಯದ ಇವನೊವ್‌ಸ್ಕಿ ತೋರಿಸಿದನು; 1898ರಲ್ಲಿ ಹಾಲೆಂಡಿನ ಬೈಯರಿಂಕನು ಅದೊಂದು ಹೊಸ ಬಗೆಯ ರೋಗಬೀಜವೆಂದು ಸಾರಿದನು. ಹೊಗೆಸೊಪ್ಪು ಯಾರ ಅನ್ನವೂ ಅಲ್ಲ, ಔಷಧವೂ ಅಲ್ಲ. “ಈ ಚಟದ ಸೊಪ್ಪಿನ ಚುಕ್ಕೆಯನ್ನು ಕಟ್ಟಿಕೊಂಡು ಏನಾಗಬೇಕು?” ಎಂದು ಅಂದು ಯಾರಾದರೂ ಅವರನ್ನು ತಡೆದಿದ್ದರೆ, ಸಿಡುಬು, ಪೋಲಿಯೊಗಳಂಥ ಮಹಾರೋಗಗಳ ಸ್ವರೂಪಜ್ಞಾನ ಎಷ್ಟು ಕಾಲ ಹಿಂದೆಬೀಳುತ್ತಿತ್ತೋ!

ಆದರೂ ಇವೆರಡೂ ಲಾಭದ ಉತ್ತರಗಳು. ಲಾಭವೇ ಇಲ್ಲದಿದ್ದರೆ ಕರ್ತವ್ಯವೂ ಇಲ್ಲವೆ ಎಂಬ ಪ್ರಶ್ನೆ ಹಾಗೆಯೇ ಉಳಿಯುವುದು. ಅದಕ್ಕೆ ಉತ್ತರವನ್ನು ಮೀನೇ ಒಂದು ವಿಚಿತ್ರವಾದ ರೀತಿಯಲ್ಲಿ ಕೊಟ್ಟಿದೆ. ಮೀನಿನ ರಕ್ತಕ್ಕೆ ಸ್ವಂತ ಕಾವಿಲ್ಲ. ಸುತ್ತಣ ನೀರಿನ ಕಾವೇ ಅದರ ಮೈಕಾವು. ಆದುದರಿಂದ ಮನುಷ್ಯನಿಗೆ ಬರುವಂತೆ ಅದಕ್ಕೆ ತಾನಾಗಿ ಜ್ವರ ಬರಲಾರದು. ಬೆಲ್ಜಿಯಮ್ಮಿನ ಲಿಯೇಜ್ ವಿಶ್ವವಿದ್ಯಾನಿಲಯದ ವಿದ್ವಾಂಸರು ಒಂದಕ್ಕೊಂದು ತೆರೆದುಕೊಂಡ, 24, 28, 32 ಡಿಗ್ರಿ ಉಷ್ಣತೆಯ ನೀರುಳ್ಳ ಕೊಠಡಿಗಳ ತೊಟ್ಟಿಯಲ್ಲಿ ಈ ವೈರಾಣು ತಗಲಿದ ಗೆಂಡೆಗಳನ್ನು ಬಿಟ್ಟು ನೋಡಿದರು. 2017ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ಆರೋಗ್ಯದಲ್ಲಿ ತಂಪು ನೀರನ್ನು ಬಯಸುತ್ತಿದ್ದ ಮೀನುಗಳು ರೋಗ ಬಲಿತಾಗ ತಾವಾಗಿಯೇ ಈಜಿ ಬಿಸಿನೀರಿನ ಕೊಠಡಿಯನ್ನು ಸೇರಿದುವು. ಹಾಗೆ ಸೇರಿದುವು ಬದುಕಿದುವು. 24 ಡಿಗ್ರಿಯ ನೀರಿನಲ್ಲಿಯೇ ಕೂಡಿಹಾಕಲ್ಪಟ್ಟುವು ಬಹುಪಾಲು ಸತ್ತುವು. ಜ್ವರ ಬಾರದ ಜೀವಿ ಜ್ವರವನ್ನು ಅರಸಿಕೊಂಡು ಹೋಗುವುದೆಂದು ಇದರ ತಾತ್ಪರ್ಯ. ವೈರಾಣುವೂ ಸುಮ್ಮನಿರುವುದಿಲ್ಲ, ಮೀನಿಗೆ ಈ ಪ್ರೇರಣೆಯನ್ನು ಕೊಡುವ ದೇಹದ ಸಂದೇಶವನ್ನು ನಡುವೆಯೇ ಹಿಡಿದಿಡುವ ಒಂದು ಪದಾರ್ಥವನ್ನು ಹೊರಡಿಸಿ, ಮೀನು ಕಾವಿಗೆ ಹೋಗುವುದನ್ನು ತಡಮಾಡಿಸುವುದೆಂದು ಅದೇ ಶೋಧನೆ ತಿಳಿಸಿತು.

ಈ ಸಂಗತಿಯ ಮುಂದೆ ಅಂಗಳದ ಸಿಮೆಂಟಿನ ಕೊಳವನ್ನು ಇಟ್ಟು ನೋಡಬೇಕು. ಹೊಳೆಯಲ್ಲಿಯೋ ವಿಶಾಲವಾದ ಕೆರೆಯಲ್ಲಿಯೋ ಬಿಸಿಲು ಬಿದ್ದ ತೆಳುನೀರೂ ಉಂಟು, ತಂಪಾದ ಮಡುವೂ ಉಂಟು. ಮೀನು ತನಗೆ ಬೇಕಾದುದನ್ನು ಆರಿಸಿಕೊಳ್ಳಬಹುದು. ಹತ್ತಡಿ ಉದ್ದದ ಕೊಳದಲ್ಲಿ ಆರಿಸಿಕೊಳ್ಳುವುದಕ್ಕೆ ಏನೂ ಇಲ್ಲ. ಎಲ್ಲ ಕಡೆಯೂ ಒಂದೇ ನೀರು, ಒಂದೇ ಕಾವು. ಒಡೆಯನು ಮೀನಿಗೆ ಮೇವನ್ನಿತ್ತನು, ಕೊಕ್ಕರೆಯಿಂದ ಕಾಪಾಡಲು ಬಲೆ ಹೊದಿಸಿದನು. ಆದರೆ ಅರಿಯದೆಯೇ ಅದರ ಕೈಯಲ್ಲಿದ್ದ ಔಷಧವನ್ನು ಕಸಿದುಕೊಂಡನು. ಸೆರೆಯೆಂದರೆ ಇದೇ: ಸೆರೆಯಾದುದಕ್ಕೆ ತನ್ನ ಹಿತವನ್ನು ತಾನೇ ನೋಡಿಕೊಳ್ಳುವ ಶಕ್ತಿ ಇಲ್ಲವಾಗುವುದು; ಆ ಹಿತವನ್ನು ನೋಡಿಕೊಳ್ಳುವ ಹೊಣೆ ಸೆರೆಯಿಟ್ಟವನ ತಲೆಯ ಮೇಲೆ ಬೀಳುವುದು. ಎತ್ತಿನ ಋಣ ಅದರ ದುಡಿಮೆಯಿಂದ ಹುಟ್ಟಿತು. ಕೊಯ್ ಮೀನಿನ ಋಣ ಹುಟ್ಟುವುದು ಅದು ಕೊಟ್ಟುದರಿಂದಲ್ಲ, ಅದರಿಂದ ಕಸಿದುಕೊಂಡುದರಿಂದ. ಉಪಯೋಗವಿಲ್ಲದ ಜೀವಿಗೆ ಋಣವಿಲ್ಲವೆಂಬ ವಾದ ಇಲ್ಲಿಗೆ ಕುಸಿಯುವುದು. ಕಸಿದುಕೊಂಡ ಔಷಧಕ್ಕೆ ಬದಲಾಗಿ ಔಷಧವನ್ನು ಕೊಡಬೇಕಾದರೆ ರೋಗವನ್ನು ಅರಿಯಬೇಕು. ಅರಿಯುವುದಕ್ಕೆ ಸಂಶೋಧನೆ ಬೇಕು. ಆದ್ದರಿಂದ ಅದಕ್ಕೆ ಸಹಾಯಮಾಡುವುದು ದಾನವಲ್ಲ, ಸಾಲದ ತೀರಿಕೆ.

ಸಾಲವನ್ನು ಯಾರು ತೀರಿಸತಕ್ಕದ್ದು? ಸುಖವನ್ನು ಉಂಡವರು ಮೊದಲು. ಅಮೆರಿಕದ ಕೊಯ್ ಸಾಕಣೆಗಾರರ ಸಂಘಗಳ ಒಕ್ಕೂಟವೊಂದು ಈ ರೋಗದ ಸಂಶೋಧನೆಗೆಂದೇ ಒಂದು ನಿಧಿಯನ್ನು ತೆರೆದು, ಸದಸ್ಯರಿಂದ ಹಣವನ್ನು ಕೂಡಿಸಿ ವಿಜ್ಞಾನಿಗಳಿಗೆ ಒದಗಿಸಿದುದುಂಟು. ಬಣ್ಣದ ಮೀನಿಗೆ ಸಾವಿರಗಟ್ಟಲೆ ರೂಪಾಯಿ ಕೊಡಬಲ್ಲವರು ಅದರ ಒಂದಂಶವನ್ನು ಅದರ ರೋಗಜ್ಞಾನಕ್ಕೆ ಮೀಸಲಿಟ್ಟರೆ, ಬಡವರ ತೆರಿಗೆಯ ಹಣ ವಿಲಾಸಕ್ಕೆ ಹೋಯಿತೆಂಬ ಆಕ್ಷೇಪವೂ ತಾನಾಗಿ ತಗ್ಗುವುದು. ಹಣವಿಲ್ಲದವನೂ ಕೊಡಬಹುದಾದ ಕಾಣಿಕೆಯೊಂದುಂಟು. ಸಾಯುತ್ತಿರುವ ಮೀನನ್ನು ಗುಟ್ಟಾಗಿ ಹೂಳದೆ ಮೀನುಗಾರಿಕೆ ಇಲಾಖೆಗೆ ಸುದ್ದಿ ಮುಟ್ಟಿಸುವುದು, ಅವರು ಹೇಳಿದಂತೆ ಮಾದರಿಯನ್ನು ಪರೀಕ್ಷೆಗೆ ಕಳುಹಿಸುವುದು, ಎಂದು ತಂದುದು, ಎಲ್ಲಿಂದ ತಂದುದು, ಎಷ್ಟು ಸತ್ತುವು ಎಂಬುದನ್ನು ಮರೆಮಾಚದೆ ಹೇಳುವುದು. 1969ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಮೀನುಗಾರಿಕೆ ಕಾಲೇಜು ಈ ದೇಶದಲ್ಲಿಯೇ ಮೊದಲನೆಯದು. ಮೀನಿನ ರೋಗವನ್ನು ಅರಿಯಬಲ್ಲವರು ಕನ್ನಡನಾಡಿಗೆ ಹೊಸಬರಲ್ಲ. ಆದರೆ ಮನೆಯ ಅಂಗಳದಿಂದ ಸುದ್ದಿಯೇ ಬಾರದಿದ್ದರೆ ಎಂಥ ಪಂಡಿತನೂ ಕುರುಡನೇ. ಪ್ರಯೋಗಶಾಲೆಯ ಮೊದಲ ಬಾಗಿಲು ಸಾಕಿದವನ ಮನೆಯಲ್ಲಿದೆ.

ಸಂಶೋಧನೆಯ ಪಕ್ಷವನ್ನು ಹಿಡಿಯುವವನು ಅದರ ಕಹಿಯನ್ನೂ ಮುಚ್ಚಿಡಬಾರದು. ಲಿಯೇಜಿನ ತೊಟ್ಟಿಯಲ್ಲಿ ತಂಪುನೀರಿನಲ್ಲಿ ಕೂಡಿಹಾಕಿದ ಮೀನುಗಳು ಸತ್ತುವಷ್ಟೆ. ಅವುಗಳಿಗೆ ರೋಗವನ್ನು ಅಂಟಿಸಿದವರೂ ಮನುಷ್ಯರೇ. ಮೀನನ್ನು ಉಳಿಸುವುದಕ್ಕಾಗಿ ಮೀನನ್ನು ಕೊಲ್ಲುವುದು ಯಾವ ನ್ಯಾಯ? ಇದಕ್ಕೆ ಪೂರ್ಣ ಸಮಾಧಾನವಿಲ್ಲ. ಹಲವರ ಉಳಿವಿಗಾಗಿ ಕೆಲವರ ಅಳಿವು ಎಂಬ ಲೆಕ್ಕವು ಅಳಿಯುವ ಕೆಲವಕ್ಕೆ ಸಮಾಧಾನವಾಗಲಾರದು. ಹೇಳಬಹುದಾದುದಿಷ್ಟೆ: ಪ್ರಯೋಗವಿಲ್ಲದಿದ್ದರೆ ಸಾವು ನಿಲ್ಲುವುದಿಲ್ಲ, ಕೊಳಗಳಲ್ಲಿ ಅರ್ಥವಿಲ್ಲದೆ ಮುಂದುವರಿಯುವುದು. ಆದುದರಿಂದ ಅಗತ್ಯಕ್ಕಿಂತ ಒಂದು ಮೀನೂ ಹೆಚ್ಚಿಗೆ ಸಾಯದಂತೆ, ಒಮ್ಮೆ ತಿಳಿದುದನ್ನು ಮತ್ತೆ ತಿಳಿಯಲು ಇನ್ನೊಮ್ಮೆ ಕೊಲ್ಲದಂತೆ, ತಿಳಿದುದು ಗ್ರಂಥದಲ್ಲಿ ಹುದುಗದೆ ಸಾಕುವವರ ಕೈಸೇರುವಂತೆ ನೋಡಿಕೊಳ್ಳುವುದು ವಿಜ್ಞಾನಿಯ ಋಣ. ಸತ್ತ ಮೀನು ಕಲಿಸಿದ ಪಾಠವನ್ನು ಯಾರೂ ಓದದಿದ್ದರೆ ಆ ಸಾವು ನಿಜವಾಗಿಯೂ ವ್ಯರ್ಥ.

ಅರಿವಿಗೆ ಇನ್ನೊಂದು ಅಪಾಯವೂ ಉಂಟು. ಆಸ್ಟ್ರೇಲಿಯದಲ್ಲಿ ಗೆಂಡೆ ಹೊರಗಿನಿಂದ ತಂದ ಮೀನು. ಮನುಷ್ಯರ ಕೈತಪ್ಪಿ ಮರ್‍ರೆ ಮತ್ತು ಡಾರ್ಲಿಂಗ್ ನದಿಗಳಲ್ಲಿ ಹಬ್ಬಿ, ನೀರನ್ನು ಕದಡಿ, ಅಲ್ಲಿಯ ಸ್ವಂತ ಮೀನುಗಳಿಗೆ ಮಾರಿಯಾಗಿದೆ. ಅದನ್ನು ತಗ್ಗಿಸಲು ಇದೇ ಕೊಯ್ ಹರ್ಪೀಸ್ ವೈರಾಣುವನ್ನು ಬುದ್ಧಿಪೂರ್ವಕವಾಗಿ ನದಿಗೆ ಬಿಡಬಹುದೇ ಎಂದು ವಿಚಾರಿಸಲು ಅಲ್ಲಿಯ ಸರಕಾರ 2016ರಲ್ಲಿ ಒಂದೂವರೆ ಕೋಟಿ ಡಾಲರುಗಳನ್ನು ತೆಗೆದಿರಿಸಿತು. ಒಂದು ದೇಶದಲ್ಲಿ ಕಣ್ಣೀರಿಗೆ ಕಾರಣವಾದುದು ಇನ್ನೊಂದು ದೇಶದಲ್ಲಿ ಆಯುಧವೆಂದು ಪರಿಗಣಿಸಲ್ಪಟ್ಟಿತು. ಇದರಿಂದ ಅರಿವೇ ಬೇಡವೆಂದು ತೀರ್ಮಾನಿಸುವುದು ಅವಿವೇಕ. ಕತ್ತಿ ಕೊಲ್ಲಬಲ್ಲುದೆಂದು ಅಡುಗೆಮನೆಯ ಕತ್ತಿಯನ್ನು ಯಾರೂ ಎಸೆಯುವುದಿಲ್ಲ. ಅಲ್ಲಿಯ ಉದಾಹರಣೆಯ ನಿಜವಾದ ಪಾಠ ಬೇರೆಯೇ: ಆ ಸಂಕಟದ ಮೂಲದಲ್ಲಿರುವುದು ವೈರಾಣುವಲ್ಲ, ಪರಸ್ಥಳದ ಮೀನನ್ನು ಹಿಂದುಮುಂದು ನೋಡದೆ ನೀರಿಗೆ ಬಿಟ್ಟ ಕೈ. ಒಂದು ತಲೆಮಾರಿನವರು ಹಗುರವಾಗಿ ಬಿಟ್ಟುದನ್ನು ಮೂರನೆಯ ತಲೆಮಾರಿನವರು ಕೋಟಿಗಟ್ಟಲೆ ಹಣವಿಟ್ಟು ಹಿಂದಕ್ಕೆ ಕರೆಯಲು ಹೆಣಗುತ್ತಿರುವರು.

ಇನ್ನು ಸತ್ಯದ ಮಾತು. ರೋಗ ಬಂದ ಕೊಳದ ಮೀನನ್ನು ಸುದ್ದಿ ಹೊರಬೀಳುವ ಮುಂಚೆ ಮಾರಿ ನಷ್ಟವನ್ನು ತಪ್ಪಿಸಿಕೊಳ್ಳುವ ಆಸೆ ವ್ಯಾಪಾರಿಗೆ ಸಹಜ. ನೆರೆಯವರು ಏನೆಂದಾರೋ ಎಂಬ ಅಂಜಿಕೆ ಗೃಹಸ್ಥನಿಗೆ ಸಹಜ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ, ಮನೆಯವರನ್ನು ಶಿಬಿರಕ್ಕೆ ಎಳೆದೊಯ್ಯುವರೆಂಬ ಭಯದಿಂದ ಜನ ರೋಗಿಗಳನ್ನು ಬಚ್ಚಿಟ್ಟರು; ಬಚ್ಚಿಟ್ಟ ಮನೆಯಿಂದಲೇ ರೋಗ ಬೀದಿಗೆ ಹಬ್ಬಿತು. ಭಯವು ಸತ್ಯವನ್ನು ಹೊರಡಿಸಲಾರದು. ಆದುದರಿಂದ ನಿಜವನ್ನು ಹೇಳಿದವನಿಗೆ ದಂಡನೆಗಿಂತ ನೆರವು ಮೊದಲು ದೊರೆಯುವಂತೆ ಮಾಡುವುದು ಸಮಾಜದ ಹೊಣೆ. ನೆರವಿಲ್ಲದಿದ್ದರೂ ನಿಜವನ್ನು ಹೇಳುವುದು ವ್ಯಕ್ತಿಯ ಧರ್ಮ. ಇವೆರಡರಲ್ಲಿ ಒಂದು ಇನ್ನೊಂದಕ್ಕಾಗಿ ಕಾಯತಕ್ಕುದಲ್ಲ.

ಹಾಗಾದರೆ ಏರಿಯ ಮೇಲೆ ನಿಂತ ಗೃಹಸ್ಥನು ಮಾಡತಕ್ಕುದೇನು? ಕೊಡವನ್ನು ಹೊತ್ತು ಮನೆಗೆ ಮರಳಬೇಕು. ಆ ಮೂರು ಮೀನುಗಳನ್ನು ಅದೇ ಕೊಳದಲ್ಲಿ ಬೇರೆಯಾಗಿ ಇರಿಸಬೇಕು. ಪರೀಕ್ಷೆ ಮಾಡಿಸಿ, ತಿಳಿದವರು ಅವು ನಿರ್ದೋಷವೆಂದು ಹೇಳುವವರೆಗೆ ಹೊಸ ಮೀನೊಂದನ್ನೂ ಅವುಗಳೊಡನೆ ಸೇರಿಸಬಾರದು, ಅವುಗಳಲ್ಲಿ ಒಂದನ್ನೂ ಕೊಡಬಾರದು, ಮಾರಬಾರದು. ಆ ಕೊಳದ ನೀರು ಹಳ್ಳಕ್ಕೋ ಕೆರೆಗೋ ಹರಿಯದಂತೆ ನೋಡಿಕೊಳ್ಳಬೇಕು. ಅಲ್ಲಿ ಅದ್ದಿದ ಬಲೆಯನ್ನು ಬೇರೆಡೆ ಅದ್ದಬಾರದು. ಮುಂದೆಂದಾದರೂ ಬೇರೆ ಕೊಳಕ್ಕೆ ಮೀನನ್ನು ತಂದರೆ ಮೊದಲು ಕೆಲವು ವಾರ ಪ್ರತ್ಯೇಕವಾಗಿ ಇಟ್ಟು ನೋಡಬೇಕು. ಹೇಳುವುದಕ್ಕೆ ಇವೆಲ್ಲ ಸುಲಭ. ಆದರೆ ಕೊಯ್ ಮೀನು ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತು ಮೂವತ್ತು ವರ್ಷ ಬಾಳಬಲ್ಲುದು. ರೋಗದ ಸಂಶಯ ಬಗೆಹರಿಯದಿದ್ದರೆ, ಇಂದು ಅಳುತ್ತಿರುವ ಮಕ್ಕಳು ಬೆಳೆದು ಮನೆಬಿಟ್ಟು ಹೋದ ಮೇಲೂ ಆ ಮೂರು ಮೀನುಗಳಿಗೆ ಅವನು ದಿನವೂ ಮೇವು ಹಾಕಬೇಕು. ಕೊಳ ಬರಿದಾಗಿ ಕಾಣುವುದು, ಬಂದವರು “ಇನ್ನೆರಡು ತಂದು ಬಿಡಬಾರದೇ?” ಎಂದು ಕೇಳುವರು, ಅವನು ಕಾರಣ ಹೇಳಬೇಕು. ಕೆರೆಗೆ ಬಿಡುವ ದಯೆ ಒಂದು ಸಂಜೆಯಲ್ಲಿ ಮುಗಿಯುತ್ತಿತ್ತು; ಈ ದಯೆಗೆ ಕೊನೆಯ ದಿನ ಗೊತ್ತಿಲ್ಲ. ಎರಡರಲ್ಲಿ ಯಾವುದು ನಿಜವಾದ ದಯೆಯೆಂಬುದಕ್ಕೆ ಬೇರೆ ಒರೆಗಲ್ಲು ಬೇಕಾಗಿಲ್ಲ.

ಮೀನಿನ ಸಾವಿಗೆ ಮರುಗುವುದು ಕನ್ನಡಿಗರಿಗೆ ಹೊಸದಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿ ಯಾತ್ರಿಕರು ಮೀನುಗಳಿಗೆ ಮಂಡಕ್ಕಿ ಚೆಲ್ಲಿ ಕೈಮುಗಿಯುವರು. ದಕ್ಷಿಣ ಕನ್ನಡದ ಶಿಶಿಲದಲ್ಲಿ, ದೇವರ ಮೀನುಗಳಿರುವ ಕಪಿಲೆಯ ಮಡುವಿಗೆ 1996ರಲ್ಲಿ ದುರುಳರು ವಿಷವಿಕ್ಕಿದಾಗ ಸತ್ತ ಮೀನುಗಳ ನೆನಪಿಗೆ ಊರವರು ಸ್ಮಾರಕವನ್ನೇ ಕಟ್ಟಿದರು. ಆ ಮೀನುಗಳು ಯಾರ ಸೊತ್ತೂ ಅಲ್ಲ. ಬೇಕಾದಲ್ಲಿಗೆ ಈಜುವ ಸ್ವಾತಂತ್ರ್ಯ ಅವಕ್ಕುಂಟು. ಅಂಥ 자유ವಿಲ್ಲದ, ಅಂಗಳದ ಕೊಳದ ಮೀನಿಗೆ ಕೈಮುಗಿಯುವವರಿಲ್ಲ, ಸ್ಮಾರಕ ಕಟ್ಟುವವರಿಲ್ಲ. ಅದಕ್ಕಿರುವವನು ಸಾಕಿದ ಒಬ್ಬನೇ. ತುಂಗಭದ್ರೆಯಿಂದ ಬಹುದೂರ ಹರಿದುಬಂದು ಭರಮಸಾಗರದಲ್ಲಿ ನಿಂತ ನೀರನ್ನು ಊರವರೆಲ್ಲ ಸೇರಿ ಪಡೆದುಕೊಂಡರು. ಅದನ್ನು ನಿರ್ಮಲವಾಗಿ ಉಳಿಸುವ ಕೆಲಸ ಮಾತ್ರ, ಯಾರೂ ಕಾಣದ ಒಂದು ಸಂಜೆ, ಕೊಡವನ್ನು ಹೊತ್ತು ಏರಿಯಿಂದ ಹಿಂದಿರುಗುವ ಒಬ್ಬ ಗೃಹಸ್ಥನ ಮೇಲೆಯೂ ನಿಂತಿದೆ.